ಗಂಧದ ಕಾವಲಿನಲ್ಲಿ ನಿಧಿಶೋಧ

ಬೆಂಗಳೂರಿನ ಪಡುವಣ ಭಾಗದಲ್ಲಿ, ಮಾಗಡಿ ರಸ್ತೆಗೂ ನಾಗರಬಾವಿಗೂ ನಡುವೆ, ಶ್ರೀಗಂಧದ ಕಾವಲ್ ಎಂಬ ಬಡಾವಣೆಯಿದೆ. ಹೆಸರನ್ನು ಕೇಳಿ, ಅಲ್ಲಿ ಗಂಧದ ಮರಗಳ ತೋಪನ್ನು ಕಲ್ಪಿಸಿಕೊಂಡು ಬಂದವರು ನಿರಾಶರಾಗುವರು. ಒತ್ತಾಗಿ ನಿಂತ ಮನೆಗಳು, ಕಿರಾಣಿ ಅಂಗಡಿಗಳು, ಲೇತು ಯಂತ್ರಗಳ ಸದ್ದು, ಬೆಳಗಾಗುತ್ತಲೇ ಸಿದ್ಧ ಉಡುಪಿನ ಕಾರ್ಖಾನೆಗಳತ್ತ ಧಾವಿಸುವ ಹೆಣ್ಣುಮಕ್ಕಳು, ಇವೇ ಇಂದಿನ ಕಾವಲಿನ ನೋಟ. ನೆರೆಯ ಊರುಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಸುಂಕದಕಟ್ಟೆಯಲ್ಲಿ ಸುಂಕ ವಸೂಲು ಮಾಡುವವರಿಲ್ಲ. ಕೊಟ್ಟಿಗೆಪಾಳ್ಯದಲ್ಲಿ ಕೊಟ್ಟಿಗೆಯನ್ನು ಹುಡುಕಬೇಕು. ನಾಗರಬಾವಿಯಲ್ಲಿ ಬಾವಿಯೆಲ್ಲಿ ಎಂದು ಕೇಳಿದರೆ ಜನರು ಬಸ್ ನಿಲ್ದಾಣದ ಕಡೆಗೆ ಕೈ ತೋರಿಸುತ್ತಾರೆ! ದಿನವೂ ಬಸ್ಸಿನ ಹಣೆಯ ಮೇಲೆ ಈ ಹೆಸರುಗಳು ನಮ್ಮ ಮುಂದೆ ಹಾದುಹೋಗುತ್ತವೆ. ಪ್ರತಿಯೊಂದೂ ಒಂದೊಂದು ಒಗಟು. ಆದರೆ ಒಗಟೆಂದು ತಿಳಿದು ಬಿಡಿಸಲು ಕುಳಿತವರು ವಿರಳ.

ಇಂತಹ ಒಗಟುಗಳನ್ನು ಬಿಡಿಸಲು ಈ ಕಾಲದ ಶಾಲೆಗಳಿಗೆ ಒಂದು ಆಟ ದೊರೆತಿದೆ. ಅಂಗಡಿಯ ಗಲ್ಲೆಯ ಮೇಲೆ, ತರಕಾರಿಯ ಗಾಡಿಯ ಮೇಲೆ, ಪಠ್ಯಪುಸ್ತಕದ ಪುಟಗಳಲ್ಲಿ ನಾವೆಲ್ಲರೂ ಕಂಡಿರುವ ಕಪ್ಪುಬಿಳುಪಿನ ಚೌಕ, ಅಂದರೆ ಕ್ಯೂಆರ್ ಕೋಡು, ಈ ಆಟದ ಸಾಧನ. ಊರಿನ ಬೇರೆ ಬೇರೆ ಸ್ಥಳಗಳಲ್ಲಿ ಇಂತಹ ಚೌಕಗಳನ್ನು ಕಟ್ಟಿಡುತ್ತಾರೆ. ಮಕ್ಕಳ ಗುಂಪೊಂದು ಮೊದಲನೆಯ ಚೌಕಕ್ಕೆ ಮೊಬೈಲು ಫೋನನ್ನು ಹಿಡಿದರೆ ಒಂದು ಸುಳಿವು ದೊರೆಯುತ್ತದೆ. ಆ ಸುಳಿವು ಎರಡನೆಯ ಚೌಕದ ಎಡೆಗೆ ಒಯ್ಯುತ್ತದೆ. ಹೀಗೆ ಮುಂದುವರಿದು ಕೊನೆಯ ಎಡೆಯಲ್ಲಿ ನಿಧಿ.

ಆಟದ ಮೂಲಭಾವ ಹೊಸದಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಕನು, ಜೌಗುನೆಲವನ್ನು ದಾಟಿ ಬರುವ ನಡಿಗೆಗಾರರು ತಮ್ಮ ಹೆಸರಿನ ಚೀಟಿಯನ್ನು ಹಾಕಲೆಂದು ಒಂದು ಸೀಸೆಯನ್ನು ಇರಿಸಿದನು. ಅದೇ ಮುಂದೆ ದೊಡ್ಡದೊಂದು ಹವ್ಯಾಸವಾಗಿ ಬೆಳೆಯಿತು. ಅಲ್ಲಿ ದೊರೆಯುತ್ತಿದ್ದುದು ಒಂದು ಸೀಸೆ ಮಾತ್ರ. ಅದಕ್ಕಾಗಿ ಜನರು ಮೈಲಿಗಟ್ಟಲೆ ನಡೆದರು.

ನಿಧಿಶೋಧವೆಂಬ ಮಾತಿಗೆ ನಮ್ಮ ನಾಡಿನಲ್ಲಿ ಒಳ್ಳೆಯ ಹೆಸರಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಪಾಳುಬಿದ್ದ ಗುಡಿಯ ಗರ್ಭಗೃಹವನ್ನು ಅಗೆದವರು, ವೀರಗಲ್ಲನ್ನು ಉರುಳಿಸಿ ಅದರ ಬುಡದಲ್ಲಿ ಕೊಪ್ಪರಿಗೆಯನ್ನು ಅರಸಿದವರು, ಇವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕಲ್ಲಿನ ಮೇಲಿನ ಅಕ್ಷರವೇ ನಿಧಿಯೆಂಬುದು ಅವರಿಗೆ ತಿಳಿಯದು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ಕ್ಕೆ ಸೇರಿದ್ದು. ಬೆಂಗಳೂರಿನಲ್ಲಿ ಇದುವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅದೇ ಅತ್ಯಂತ ಹಳೆಯದೆಂದು ತಿಳಿದವರು ಹೇಳುತ್ತಾರೆ. ಜನರು ಅದರ ಬದಿಯಲ್ಲಿ ಎಷ್ಟು ಕಾಲ ನಡೆದಾಡಿದರೋ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡಕ್ಕೆ ಮಾತ್ರ ಸಲ್ಲುವುದಲ್ಲ. ನಿಧಿಶೋಧವೆಂಬ ಪದವನ್ನು ಕಳ್ಳರ ಕೈಯಿಂದ ಬಿಡಿಸಿ ಮಕ್ಕಳ ಕೈಗೆ ಕೊಡುವುದಾದರೆ ನನಗಂತೂ ಸಂತೋಷವೇ.

ಆಟದ ಗುಣದೋಷಗಳನ್ನು ಹೇಳುವ ಮೊದಲು ಚೌಕದ ವಿಚಾರವಾಗಿ ನಾಲ್ಕು ಮಾತುಗಳನ್ನು ಆಡಬೇಕು. ಇದನ್ನು 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಎಂಬ ಇಂಜಿನಿಯರು ತಮ್ಮ ಸಂಗಡಿಗರೊಡನೆ ರೂಪಿಸಿದರು. ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕ ಇಡುವುದೇ ಆಗಿನ ಉದ್ದೇಶ. ಸಾಮಾನುಗಳ ಮೇಲಿನ ಗೆರೆಗೆರೆಯ ಗುರುತಿನಲ್ಲಿ ಸುಮಾರು ಇಪ್ಪತ್ತು ಅಕ್ಷರಗಳಷ್ಟು ಮಾತ್ರ ಹಿಡಿಸುತ್ತಿದ್ದುದರಿಂದ ಒಂದೇ ಪೆಟ್ಟಿಗೆಗೆ ಹಲವು ಗುರುತುಗಳನ್ನು ಅಂಟಿಸಬೇಕಾಗಿತ್ತು. ಕಪ್ಪು ಬಿಳಿಯ ಕಾಯಿಗಳನ್ನು ಮಣೆಯ ಮೇಲೆ ಹರಡಿ ಆಡುವ 'ಗೊ' ಎಂಬ ಆಟ ಹಾರಾ ಅವರಿಗೆ ದಾರಿ ತೋರಿಸಿತಂತೆ. ಅಡ್ಡಕ್ಕೂ ಉದ್ದಕ್ಕೂ ಮನೆಗಳನ್ನು ಜೋಡಿಸಿದರೆ ಎಷ್ಟೊಂದು ವಿಷಯ ಅಡಗುತ್ತದೆ! ಅತಿ ಚಿಕ್ಕ ಚೌಕದಲ್ಲಿ ಒಂದೊಂದು ಬದಿಗೆ 21 ಮನೆಗಳು. ಅತಿ ದೊಡ್ಡದರಲ್ಲಿ 177. ಮೂರು ಮೂಲೆಗಳಲ್ಲಿ ಕಾಣುವ ದೊಡ್ಡ ಚೌಕಗಳು ಯಂತ್ರದ ಕಣ್ಣಿಗೆ ದಿಕ್ಕನ್ನು ತಿಳಿಸುವ ಗುರುತುಗಳು. ಆದುದರಿಂದಲೇ ಫೋನನ್ನು ಓರೆಯಾಗಿ ಹಿಡಿದರೂ ಓದು ತಪ್ಪುವುದಿಲ್ಲ. ಬರೆಹವನ್ನು ಗಣಿತದ ಉಪಾಯದಿಂದ ಹೆಚ್ಚುವರಿಯಾಗಿ ತುಂಬಿಟ್ಟಿರುವುದರಿಂದ, ಚೌಕದ ನೂರಕ್ಕೆ ಸುಮಾರು 30 ಭಾಗ ಕೆಟ್ಟರೂ ಉಳಿದುದರಿಂದ ಪೂರ್ಣ ಸಂದೇಶವನ್ನು ಪಡೆಯುವಂತೆ ಮಾಡಬಹುದು. ಕಂಡುಹಿಡಿದ ಸಂಸ್ಥೆ ಇದರ ಹಕ್ಕನ್ನು ತನ್ನಲ್ಲಿಟ್ಟುಕೊಂಡೂ ಲೋಕವೆಲ್ಲ ಬಳಸಲು ಬಿಟ್ಟುಕೊಟ್ಟಿತು. ತಳ್ಳುಗಾಡಿಯ ಸೊಪ್ಪಿನವಳ ಬಳಿಗೂ ಅದು ಬಂದು ತಲುಪಿದ್ದು ಈ ಔದಾರ್ಯದಿಂದ.

ಇಷ್ಟು ಸೊಗಸಾದ ಸಾಧನವನ್ನು ನಾವು ಶಾಲೆಗಳಲ್ಲಿ ಹೇಗೆ ಬಳಸುತ್ತಿದ್ದೇವೆ? ನಾನು ಕಂಡ ಹಲವು ಆಟಗಳಲ್ಲಿ ಚೌಕವು ಗೋಡೆಗೆ ಅಂಟಿಕೊಂಡಿರುತ್ತದೆ. ಮಗು ಫೋನನ್ನು ಹಿಡಿಯುತ್ತದೆ. ಪರದೆಯ ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರಗಳು. ಒಂದನ್ನು ಒತ್ತಿ ಮಗು ಮುಂದಿನ ಗೋಡೆಗೆ ಓಡುತ್ತದೆ. ಗೋಡೆಯ ಹಿಂದಿನ ಮರವನ್ನಾಗಲಿ, ಅದರ ಕೆಳಗೆ ಕುಳಿತ ಮನುಷ್ಯನನ್ನಾಗಲಿ ಅದು ನೋಡಲೇಬೇಕಾದ ಅಗತ್ಯವಿಲ್ಲ. ಪ್ರಶ್ನೆಯೂ ಫೋನಿನಲ್ಲಿ, ಉತ್ತರವೂ ಫೋನಿನಲ್ಲಿ! ಇದಕ್ಕಾಗಿ ಮಕ್ಕಳನ್ನು ಬಿಸಿಲಿಗೆ ಕರೆತರುವುದೇಕೆ? ತರಗತಿಯ ಬೆಂಚಿನ ಮೇಲೆ ಕೂರಿಸಿಯೇ ಪರೀಕ್ಷೆ ನಡೆಸಬಹುದಲ್ಲ. ನನ್ನ ಅಭಿಪ್ರಾಯದಲ್ಲಿ ಚೌಕದೊಳಗೆ ಪ್ರಶ್ನೆ ಮಾತ್ರ ಇರಬೇಕು. ಉತ್ತರವು ನೆಲದ ಮೇಲೆ, ಮರದ ತೊಗಟೆಯಲ್ಲಿ, ಜನರ ನಾಲಗೆಯ ಮೇಲೆ ಇರಬೇಕು.

ಈ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಬಡಾವಣೆಯ ಶಾಲೆಯೊಂದರ ಉಪಾಧ್ಯಾಯರೂ ನಾನೂ ಸೇರಿ ಒಂಬತ್ತನೆಯ ತರಗತಿಯ 40 ಮಕ್ಕಳಿಗೆ ಒಂದು ಶನಿವಾರ ಬೆಳಿಗ್ಗೆ ನಿಧಿಶೋಧವನ್ನು ಏರ್ಪಡಿಸಿದೆವು. ಎಂಟು ಗುಂಪುಗಳು, ಗುಂಪಿಗೆ ಐವರು, ಗುಂಪಿಗೊಂದೇ ಫೋನು, ಜೊತೆಗೊಬ್ಬರು ದೊಡ್ಡವರು. ಫೋನುಗಳನ್ನು ಉಪಾಧ್ಯಾಯರೂ ಕೆಲವರು ಪೋಷಕರೂ ಕೊಟ್ಟರು. ಒಂದೊಂದು ಚೌಕದಲ್ಲಿ ಒಬ್ಬೊಬ್ಬರು ಫೋನನ್ನು ಹಿಡಿಯತಕ್ಕದ್ದು. ಉಳಿದವರಲ್ಲಿ ಒಬ್ಬರು ಬರೆಯುವವರು, ಒಬ್ಬರು ಕೇಳುವವರು, ಒಬ್ಬರು ಚಿತ್ರ ಬಿಡಿಸುವವರು, ಒಬ್ಬರು ದಾರಿ ನೋಡುವವರು. ಮನೆಯಲ್ಲಿ ಫೋನಿಲ್ಲದ ಮಗು ಯಾವುದೆಂದು ಗೊತ್ತಾಗದಂತೆ ಆಟವನ್ನು ಹೆಣೆಯುವುದು ಉಪಾಧ್ಯಾಯರ ಮೊದಲ ಕರ್ತವ್ಯ. ಈ ಒಂದು ವಿಷಯದಲ್ಲಿ ರಾಜಿ ಕೂಡದು.

ಸುಳಿವುಗಳನ್ನು ನಾವು ಜಾಲತಾಣದಲ್ಲಿ ಇಡಲಿಲ್ಲ. ಚೌಕದೊಳಗೆ ಜಾಲತಾಣದ ವಿಳಾಸವನ್ನೇ ಅಡಗಿಸಬೇಕೆಂಬ ನಿಯಮವೇನೂ ಇಲ್ಲ, ವಾಕ್ಯವನ್ನೇ ಬರೆದಿಡಬಹುದು. ಆಗ ಅಂತರಜಾಲದ ಸಂಪರ್ಕವಿಲ್ಲದ ಫೋನಿನಲ್ಲಿಯೂ ಅದನ್ನು ಓದಬಹುದು, ಹಣದ ವೆಚ್ಚವೂ ಇಲ್ಲ. ಆದರೆ ಕನ್ನಡದಲ್ಲಿ ಬರೆಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ಗಣಕದ ರೂಢಿಯ ಬರೆಹಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಘಟಕಕ್ಕೂ ಮೂರು ಬೈಟುಗಳು ಬೇಕು. 'ಶ್ರೀ' ಎಂಬ ಒಂದೇ ಅಕ್ಷರವು ಶಕಾರ, ಹಲಂತದ ಚಿಹ್ನೆ, ರಕಾರ, ಈಕಾರ ಎಂದು ನಾಲ್ಕು ಘಟಕಗಳಾಗಿ 12 ಬೈಟುಗಳನ್ನು ಹಿಡಿಯುತ್ತದೆ. ಸುಳಿವು ಉದ್ದವಾದಷ್ಟೂ ಚೌಕದ ಮನೆಗಳು ಸಣ್ಣವಾಗಿ ಒತ್ತೊತ್ತಾಗುತ್ತವೆ. ಹಳೆಯ ಫೋನಿನ ಕಣ್ಣು ಅದನ್ನು ಓದಲಾರದು. ಆದುದರಿಂದ ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸಬೇಕು. ಇದರಿಂದ ಉಪಾಧ್ಯಾಯರ ಬರೆವಣಿಗೆಗೂ ಒಳ್ಳೆಯದೇ ಆಗುತ್ತದೆ!

ಶಾಲೆಯ ಬಾಗಿಲಿನಲ್ಲಿದ್ದ ಮೊದಲ ಚೌಕವು, ಊರಿನ ಹೆಸರಿನಲ್ಲಿರುವ ಮರವನ್ನು ಎಳೆಯದಾಗಿ ಮಾರುವವರ ಬಳಿಗೆ ಹೋಗಬೇಕೆಂದು ಹೇಳಿತು. ಮಕ್ಕಳು ಸಸಿಗಳ ನರ್ಸರಿಗೆ ಓಡಿದರು. ಅಲ್ಲಿ ಗಂಧದ ಸಸಿಯ ಪಕ್ಕದಲ್ಲಿ ಎರಡನೆಯ ಚೌಕ: 'ಈ ಚೀಲದಲ್ಲಿ ಎರಡು ಗಿಡಗಳೇಕಿವೆ?' ಗಂಧದ ಜೊತೆಗೆ ತೊಗರಿಯ ಗಿಡವೊಂದು ಬೆಳೆದಿತ್ತು. ಕಳೆಯೆಂದು ಒಬ್ಬನು ಅದನ್ನು ಕೀಳಲು ಕೈ ಚಾಚಿದನು. ನರ್ಸರಿಯ ಮಾಲಿ ಅವನನ್ನು ತಡೆದು, 'ಅದನ್ನು ಕಿತ್ತರೆ ಇದು ಉಪವಾಸ ಬೀಳ್ತದೆ ಕಣಪ್ಪ' ಎಂದನು. ಗಂಧವು ಅರೆಪರಾವಲಂಬಿ ಮರ. ತನ್ನ ಎಲೆಗಳಿಂದ ತಾನೇ ಆಹಾರವನ್ನು ಸಿದ್ಧಪಡಿಸಿಕೊಂಡರೂ, ನೀರನ್ನೂ ಲವಣಗಳನ್ನೂ ಪಡೆಯಲು ಬೇರುಗಳನ್ನು ನೆರೆಯ ಗಿಡದ ಬೇರಿಗೆ ಹೆಣೆಯುತ್ತದೆ. ರಾಜಮರ್ಯಾದೆಯನ್ನು ಪಡೆದ ಮರವು ತೊಗರಿಯ ಹಂಗಿನಲ್ಲಿ ಬೆಳೆಯುವುದನ್ನು ಕಂಡು ಮಕ್ಕಳು ನಕ್ಕರು. ಜೀವಶಾಸ್ತ್ರದ ಪುಸ್ತಕದಲ್ಲಿ ಓದಿದ ಪದವೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಣ್ಣೆದುರು ನಿಂತಿತ್ತು.

ರಾಜಮರ್ಯಾದೆ ಎಂದೆನಷ್ಟೆ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಮೈಸೂರಿನ ಅರಸರೂ ಆ ಬಳಿಕ ಬಂದ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ ಸ್ವತ್ತಾಗಿತ್ತು. 2001ರಲ್ಲಿ ಕರ್ನಾಟಕವು ತನ್ನ ಅರಣ್ಯದ ಕಾನೂನನ್ನು ತಿದ್ದಿದ ಮೇಲೆ, ಭೂಮಿಯ ಒಡೆಯನೇ ಗಂಧದ ಒಡೆಯನೂ ಆದನು. ಇನ್ನು ಕಾವಲೆಂದರೆ ಕಾಯ್ದಿರಿಸಿದ ನೆಲ. ಮೈಸೂರು ಸಂಸ್ಥಾನದಲ್ಲಿ ಅರಮನೆಯ ದನಗಳ ಮೇವಿಗಾಗಿ ಹೀಗೆ ಅನೇಕ ಹುಲ್ಲುಗಾವಲುಗಳನ್ನು ಕಾಯ್ದಿರಿಸಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಆ ದನಗಳ ಇಲಾಖೆಗೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟನು. ಇವನ್ನೆಲ್ಲ ನಾವು ಆಟಕ್ಕೆ ಮೊದಲು ಹೇಳಲಿಲ್ಲ. ಮಕ್ಕಳು ಹಿಂದಿರುಗಿ ಬಂದು, 'ಕಾವಲು ಅಂದರೆ ಯಾರು ಯಾರನ್ನು ಕಾಯುತ್ತಿದ್ದರು ಸಾರ್?' ಎಂದು ಕೇಳಿದ ಮೇಲೆ ಹೇಳಿದೆವು. ಕೇಳಿದವನಿಗೆ ಹೇಳಿದ ಮಾತು ನಿಲ್ಲುತ್ತದೆ.

ಮೂರನೆಯ ಚೌಕ ಕಿರಾಣಿ ಅಂಗಡಿಯಲ್ಲಿ. ಮೈಸೂರು ಸ್ಯಾಂಡಲ್ ಸಾಬೂನಿನ ಹೊದಿಕೆಯನ್ನು ಕೇಳಿ ಪಡೆದು, ಅದರ ಮೇಲಿನ ಪ್ರಾಣಿಗೆ ಯಾರ ತಲೆ, ಯಾರ ಮೈ ಎಂಬುದನ್ನು ಬರೆಯಬೇಕಾಗಿತ್ತು. ಹುಟ್ಟಿದಂದಿನಿಂದ ಆ ಸಾಬೂನಿನಲ್ಲಿ ಮಿಂದ ಮಕ್ಕಳೂ ಅದರ ಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭವಿದೆಯೆಂದು ಆ ದಿನವೇ ಕಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಕೊರಡುಗಳನ್ನು ಯೂರೋಪಿಗೆ ಕಳುಹಿಸಲು ಸಾಧ್ಯವಾಗದೆ ಉಳಿದುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಸಾಬೂನು ಬಂದದ್ದು ಅದರ ಬೆನ್ನಲ್ಲೇ.

ಚರಂಡಿಯ ಬಳಿ ಇದ್ದ ಚೌಕವು ಮಳೆನೀರು ಯಾವ ದಿಕ್ಕಿಗೆ ಹರಿಯುವುದೆಂದು ಕೇಳಿತು; ಒಬ್ಬಳು ಎಲೆಯೊಂದನ್ನು ತೇಲಿಬಿಟ್ಟು ಉತ್ತರವನ್ನು ಕಂಡುಕೊಂಡಳು. ಬಸ್ ನಿಲ್ದಾಣದ ಚೌಕದಲ್ಲಿ ಮಾತ್ರ ಮಕ್ಕಳ ವೇಗ ಕುಂದಿತು. ಅಲ್ಲಿದ್ದ ಸುಳಿವು ಹೀಗಿತ್ತು: 'ಅರುವತ್ತು ದಾಟಿದವರೊಬ್ಬರನ್ನು ಮಾತನಾಡಿಸು. ಅವರು ಇಲ್ಲಿಗೆ ಬಂದಾಗ ಈ ಸ್ಥಳದಲ್ಲಿ ಏನಿತ್ತು? ಅವರ ಮಾತಿನಲ್ಲಿಯೇ ಬರೆದುಕೊ.' ಫೋನಿಗೆ ತಿಳಿಯದ ಪ್ರಶ್ನೆಯಿದು. ನಿಲ್ದಾಣದ ಬದಿಯಲ್ಲಿ ಹೂ ಕಟ್ಟುತ್ತಿದ್ದ ಮುದುಕಿಯ ಮುಂದೆ ಗುಂಪೊಂದು ಬಹಳ ಹೊತ್ತು ಸುಮ್ಮನೆ ನಿಂತಿತು. ಅಪರಿಚಿತರನ್ನು ಹೇಗೆ ಮಾತನಾಡಿಸಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಕಡೆಗೆ ಒಬ್ಬಳು ಧೈರ್ಯ ಮಾಡಿ, 'ಅಜ್ಜಿ, ಇಲ್ಲಿ ಗಂಧದ ಮರ ಇತ್ತಾ?' ಎಂದಳು. 'ನಾನು ಮದುವೆಯಾಗಿ ಬಂದಾಗ ಇಲ್ಲೆಲ್ಲ ರಾಗಿ ಹೊಲ ಕಣವ್ವ. ಗಂಧ ಕಂಡಿದ್ದು ದೇವರ ಮನೇಲಿ, ಸಾಣೆ ಕಲ್ಲ ಮೇಲೆ' ಎಂದು ಆಕೆ ನಕ್ಕಳು. ಆಮೇಲೆ ಮಾತು ನಿಲ್ಲಲಿಲ್ಲ.

ಆ ಗುಂಪಿನ ಐವರಲ್ಲಿ ಇಬ್ಬರ ಮನೆಮಾತು ಕನ್ನಡವಲ್ಲ. ದುಡಿಮೆಯನ್ನರಸಿ ದೂರದ ಊರುಗಳಿಂದ ಬಂದ ಕುಟುಂಬಗಳು ಈ ಬಡಾವಣೆಯಲ್ಲಿ ಬಹಳ. ಶಾಲೆಯಲ್ಲಿ ಕಲಿತ ಕನ್ನಡವನ್ನು ಅವರು ಬೀದಿಯಲ್ಲಿ ಹೂ ಮಾರುವವಳ ಕನ್ನಡದೊಡನೆ ಹೊಂದಿಸಿಕೊಂಡದ್ದು ಬಹುಶಃ ಅದೇ ಮೊದಲು. ಇದನ್ನು ಕಂಡಾಗ ನನಗೆ ಗಡಿಯಾಚೆಯ ಶಾಲೆಯೊಂದರ ನೆನಪಾಯಿತು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ರಣಜಿತ್‌ಸಿಂಹ ಡಿಸಲೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯನ್ನು ನೀಡಿದ ಸಂಸ್ಥೆಯ ವಿವರಣೆಯಂತೆ, ಅಲ್ಲಿನ ಹೆಣ್ಣುಮಕ್ಕಳ ಮನೆಮಾತು ಕನ್ನಡ. ಪುಸ್ತಕಗಳು ಮಾತ್ರ ಕನ್ನಡದಲ್ಲಿರಲಿಲ್ಲ. ಅವರು ಶ್ರಮಪಟ್ಟು ಕನ್ನಡವನ್ನು ಕಲಿತು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳಲ್ಲಿ ಕ್ಯೂಆರ್ ಚೌಕಗಳನ್ನು ಸೇರಿಸಿ, ಅವುಗಳ ಮೂಲಕ ಪದ್ಯ, ಕಥೆ, ಪಾಠಗಳನ್ನು ಕನ್ನಡದಲ್ಲಿ ಕೇಳುವಂತೆ ಮಾಡಿದರು. ಚೌಕವನ್ನು ಮುದ್ರಿಸುವುದು ಕ್ಷಣಮಾತ್ರದ ಕೆಲಸ. ಮಕ್ಕಳ ನುಡಿಯನ್ನು ಕಲಿಯುವುದಕ್ಕೆ ಹಿಡಿದ ಕಾಲವೇ ಅಲ್ಲಿನ ನಿಜವಾದ ಬೆಲೆ. ಬಹುಮಾನವಾಗಿ ಬಂದ ಹತ್ತು ಲಕ್ಷ ಡಾಲರುಗಳಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ ಹಂಚುವುದಾಗಿ ಅವರು ಸಾರಿದರೆಂಬುದನ್ನೂ ಹೇಳದಿರಲಾರೆ.

ಮಕ್ಕಳ ಕೈಗೆ ಫೋನನ್ನು ಕೊಡುವುದೇ ತಪ್ಪೆಂದು ವಾದಿಸುವ ಹಿರಿಯರು ಅನೇಕರಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಂಟೆಗಟ್ಟಲೆ ಪರದೆಯನ್ನೇ ನೋಡುವ ಮಗುವನ್ನು ಕಂಡರೆ ನನಗೂ ಮರುಕವಾಗುತ್ತದೆ. ಆದರೆ ಒಂದು ನಿಮಿಷ ಫೋನನ್ನು ನೋಡಿ ಹತ್ತು ನಿಮಿಷ ಮರವನ್ನೂ ಮನುಷ್ಯರನ್ನೂ ನೋಡುವಂತೆ ಮಾಡುವ ಆಟವು ಆ ಚಟಕ್ಕೆ ಮದ್ದಾದೀತೇ ಹೊರತು ಮೇವಾಗದು. ಇನ್ನೊಂದು ಅಪಾಯ ಇದಕ್ಕಿಂತ ಗಂಭೀರವಾದುದು. ಚೌಕದೊಳಗೆ ಏನಿದೆಯೆಂದು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ವಂಚಕರು ಅಂಗಡಿಯವರ ಚೌಕದ ಮೇಲೆ ತಮ್ಮದನ್ನು ಅಂಟಿಸಿ ಹಣವನ್ನು ದೋಚಿದ್ದುಂಟು. ಆದುದರಿಂದ ಆಟಕ್ಕೆ ಮೊದಲೇ ನಾವು ಮಕ್ಕಳಿಗೆ ಕೆಲವು ಮಾತುಗಳನ್ನು ಹೇಳಿದೆವು. ಶಾಲೆಯ ಮುದ್ರೆಯಿಲ್ಲದ ಚೌಕವನ್ನು ಮುಟ್ಟಬಾರದು. ಚೌಕವು ವಿಳಾಸವೊಂದನ್ನು ತೋರಿಸಿದರೆ, ಅದು ಎಲ್ಲಿಗೆ ಒಯ್ಯುವುದೆಂದು ಓದಿ ನೋಡದೆ ಒತ್ತಬಾರದು. ಹಣವನ್ನು ಪಡೆಯುವುದಕ್ಕೆ ಯಾರೂ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ, ಅದು ಹಣವನ್ನು ಕೊಡುವುದಕ್ಕೆ ಮಾತ್ರ. ಈ ಕೊನೆಯ ಮಾತನ್ನು ಹಲವರು ಮನೆಗೆ ಹೋಗಿ ತಾಯಂದಿರಿಗೆ ಹೇಳಿದರೆಂದು ಆಮೇಲೆ ತಿಳಿಯಿತು.

ಬಹುಮಾನದ ವಿಚಾರದಲ್ಲಿ ಉಪಾಧ್ಯಾಯರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಮೊದಲು ಮುಗಿಸಿದವರಿಗೆ ಬಹುಮಾನವೆಂಬುದು ಆಟದ ಧರ್ಮವೆಂದು ಕೆಲವರು ಹೇಳಿದರು. ವೇಗಕ್ಕೆ ಬಹುಮಾನವನ್ನಿಟ್ಟರೆ ಮಕ್ಕಳು ಓಡುತ್ತಾರೆ, ನೋಡುವುದಿಲ್ಲ ಎಂಬುದು ನನ್ನ ವಾದ. ಸಂಚಾರದ ಬೀದಿಗಳಲ್ಲಿ ಓಡುವುದು ಕ್ಷೇಮವೂ ಅಲ್ಲ. ಕಡೆಗೆ, ಹೊತ್ತಿಗೆ ಅಂಕಗಳಿಲ್ಲ, ಹಾಳೆಯ ಮೇಲಿನ ಬರೆಹಕ್ಕೂ ಚಿತ್ರಕ್ಕೂ ಮಾತ್ರ ಅಂಕ ಎಂದು ಗೊತ್ತುಮಾಡಿದೆವು. ಹೂವಿನ ಅಜ್ಜಿಯ ಬಳಿ ಕುಳಿತ ಗುಂಪು ಎಲ್ಲರಿಗಿಂತ 40 ನಿಮಿಷ ತಡವಾಗಿ ಬಂದಿತು. ಅವರ ಹಾಳೆಯ ಎರಡು ಬದಿಗಳೂ ತುಂಬಿಹೋಗಿದ್ದವು. ಬದುವಿನಲ್ಲಿ ಯಾವ ಯಾವ ಮರಗಳಿದ್ದವು, ನೀರನ್ನು ಎಲ್ಲಿಂದ ಹೊತ್ತು ತರುತ್ತಿದ್ದರು, ಸುಂಕದಕಟ್ಟೆಗೆ ಯಾವ ದಾರಿಯಲ್ಲಿ ನಡೆದು ಹೋಗುತ್ತಿದ್ದರು ಎಂಬುದೆಲ್ಲ ಅದರಲ್ಲಿತ್ತು. ಕೊನೆಯ ಪೆಟ್ಟಿಗೆಯಲ್ಲಿ ನಾವು ಇಟ್ಟಿದ್ದ ನಿಧಿ ಗುಂಪಿಗೊಂದು ಗಂಧದ ಸಸಿ, ಅದರೊಡನೆ ತೊಗರಿಯ ಗಿಡ. ನೆಡಲು ಅಂಗಳವಿಲ್ಲದವರು ತಮ್ಮ ಸಸಿಗಳನ್ನು ಶಾಲೆಗೇ ಒಪ್ಪಿಸಿದರು.

ಆಟ ಮುಗಿದ ಮೇಲೆ ಚೌಕಗಳನ್ನು ತೆಗೆಯುವ ಕೆಲಸವೂ ಮಕ್ಕಳದೇ. ಮರಕ್ಕೆ ಮೊಳೆ ಹೊಡೆಯಬಾರದು, ಗುಡಿಯ ಗೋಡೆಗಾಗಲಿ ಹಳೆಯ ಕಲ್ಲಿಗಾಗಲಿ ಅಂಟು ಹಚ್ಚಬಾರದು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದುದರಿಂದ ಎಲ್ಲವನ್ನೂ ಗೋಣಿದಾರದಿಂದ ಕಟ್ಟಿದ್ದೆವು. ಅರ್ಧ ಗಂಟೆಯಲ್ಲಿ ಬೀದಿ ಮೊದಲಿನಂತಾಯಿತು. ನರ್ಸರಿಯ ಮಾಲಿ ಮಾತ್ರ ತನ್ನಲ್ಲಿದ್ದ ಚೌಕವನ್ನು ಬಿಚ್ಚಲು ಒಪ್ಪಲಿಲ್ಲ. ಸಸಿ ಕೊಳ್ಳಲು ಬರುವವರು ತೊಗರಿಯನ್ನು ಕಳೆಯೆಂದು ಕಿತ್ತುಹಾಕುವುದನ್ನು ತಡೆದು ತಡೆದು ಅವನಿಗೆ ಸಾಕಾಗಿತ್ತಂತೆ. ಮಳೆಗಾಲದ ಕೊನೆಗೆ ನಾನು ಆ ಕಡೆ ಹೋದಾಗ ಚೌಕದ ಒಂದು ಅಂಚು ನೀರಿನಲ್ಲಿ ಕದಡಿಹೋಗಿತ್ತು. ಫೋನನ್ನು ಹಿಡಿದು ನೋಡಿದೆ. 'ಈ ಚೀಲದಲ್ಲಿ ಎರಡು ಗಿಡಗಳೇಕಿವೆ?' ಎಂದು ಅದು ಕೇಳಿತು.